ಕೆಂಪು ಹುಡುಕಿಕೊಂಡು ನವಲಗುಂದಕ್ಕೆ

ದೀಪಾವಳಿ ಮುಗಿದಿತ್ತು, ಶಾಲೆ ಇನ್ನೂ ತೆರೆದಿರಲಿಲ್ಲ. ಆ ನಡುವಿನ ಒಂದು ಬೆಳಿಗ್ಗೆ ನಾನು ಮತ್ತು ನಸ್ರೀನ್ ಧಾರವಾಡದಿಂದ ಹೊರಟೆವು. ನನ್ನ ಕೈಯಲ್ಲಿ ಬಟ್ಟೆಯ ಚೀಲ. ಅವಳ ಮಡಿಲಲ್ಲಿ ಗ್ರಂಥಿಗೆ ಅಂಗಡಿಯಿಂದ ಕೊಂಡ ಮಂಜಿಷ್ಠದ ಬೇರಿನ ಗಂಟು. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಅಣ್ಣಿಗೇರಿಗೆ ಗದಗಿನ ಪ್ಯಾಸೆಂಜರ್ ರೈಲು ಎಂದು ಲೆಕ್ಕ ಹಾಕಿದ್ದೆವು. ಅಮ್ಮ ಬಾಗಿಲಿಗೆ ಬಂದು, "ಬೇರು ತಗೊಂಡು ಊರೂರು ತಿರಗಾಕ ನೀವೇನು ನಾಟಿ ವೈದ್ಯರೇನ್ರವಾ?" ಎಂದು ನಕ್ಕಳು. ಬುತ್ತಿಯನ್ನೂ ಕಟ್ಟಿಕೊಟ್ಟಳು.

ನಸ್ರೀನ್ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದ ಹುಡುಗಿ. ಇರಾನಿನವಳು, ಇಲ್ಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ಅವಳ ಊರು ಗಡಿಯ ಹತ್ತಿರ. ಎಂಬತ್ತರ ದಶಕದ ಆ ವರ್ಷಗಳಲ್ಲಿ ಅಲ್ಲಿ ಯುದ್ಧ. ಯುದ್ಧದ ಮೊದಲ ವರ್ಷವೇ ಅವಳ ಅಜ್ಜ ನೂಲಿಗೆ ಬಣ್ಣ ಹಾಕುತ್ತಿದ್ದ ಕಾರಖಾನೆಯ ಮೇಲೆ ಫಿರಂಗಿಯ ಗುಂಡು ಬಿದ್ದು, ಹಂಡೆ, ಒಲೆ, ಛಾವಣಿ ಎಲ್ಲ ಒಂದೇ ರಾಶಿಯಾಗಿತ್ತಂತೆ. ಅಜ್ಜ ಬೇರೆ ಊರಿನಲ್ಲಿ ನೆಂಟರ ಮನೆ ಸೇರಿ, ಕೆಲವೇ ತಿಂಗಳಲ್ಲಿ ತೀರಿಕೊಂಡ. ಅವನ ವಿದ್ಯೆಯನ್ನು ಯಾರೂ ಕಲಿತಿರಲಿಲ್ಲ. ಮಗ ಶಾಲಾ ಮಾಸ್ತರನಾಗಿದ್ದ. ಮೊಮ್ಮಗಳು ಚಿಕ್ಕವಳಿದ್ದಾಗ ಒಲೆಯ ಬಳಿ ಕೂತು ನೋಡಿದ್ದಳು, ಅಷ್ಟೇ.

ನಮ್ಮ ಪ್ರಯಾಣಕ್ಕೆ ಕಾರಣವಾದದ್ದು ಒಂದು ಜಮಖಾನ. ಅಣ್ಣಿಗೇರಿಯ ಸಂತೆಯಲ್ಲಿ ಜುಬೇದಾ ಎಂಬ ಹೆಂಗಸಿನಿಂದ ನಾನೇ ಕೊಂಡು ತಂದು ನಸ್ರೀನಳ ಕೋಣೆಗೆ ಹಾಸಿದ್ದೆ. ಶ್ರಾವಣದ ಮಳೆಗೆ ಹೆಂಚು ಸೋರಿ ಅದು ನೆನೆಯಿತು. ಬೆಳಿಗ್ಗೆ ನೋಡಿದರೆ ಅದರ ಮೇಲಿಟ್ಟಿದ್ದ ಅವಳ ಬಿಳಿಯ ಬಟ್ಟೆಗೆಲ್ಲ ಕೆಂಪು ಇಳಿದಿತ್ತು. ನಾನು ಸಂಕೋಚದಿಂದ ಕುಗ್ಗಿಹೋದೆ. ಅವಳು ಮಾತ್ರ ಬಟ್ಟೆಯನ್ನು ಬಿಟ್ಟು ಜಮಖಾನವನ್ನೇ ನೋಡುತ್ತ ಕೂತಳು. ಅದರ ಮೇಲೆ ಎರಡು ನವಿಲು ಎದುರುಬದುರಾಗಿ ನಿಂತಿದ್ದವು. "ನೇಯ್ದವರ ಕೈ ಎಷ್ಟು ಚೆಂದ! ಬಣ್ಣ ಮಾತ್ರ ಕಾಲಿರುವ ಬಣ್ಣ, ಓಡಿಹೋಗುತ್ತದೆ. ಅಜ್ಜ ಇದನ್ನು ನೋಡಿದ್ದರೆ ಊಟ ಬಿಡುತ್ತಿದ್ದ" ಎಂದಳು. ಅವತ್ತಿನಿಂದ ಅವಳಿಗೆ ಒಂದೇ ಹುಚ್ಚು. ಅಜ್ಜ ಬಳಸುತ್ತಿದ್ದ ಬೇರಿಗೆ ಅವರ ಭಾಷೆಯಲ್ಲಿ ರೂನಾಸ್ ಎನ್ನುತ್ತಾರೆ. ನಮ್ಮ ಮಂಜಿಷ್ಠ ಅದೇ ಬಳಗದ ಬಳ್ಳಿ. ಆ ನೇಕಾರರಿಗೆ ಅಜ್ಜನ ಕೆಂಪನ್ನು ಕೊಟ್ಟುಬರಬೇಕು ಎಂದು ಹಟ ಹಿಡಿದಳು.

ಹುಬ್ಬಳ್ಳಿಯಿಂದ ರೈಲು ನಿಧಾನವಾಗಿ ಹೊರಟಿತು. ಎರಡೂ ಕಡೆ ಎರೆಹೊಲ. ಹಿಂಗಾರಿ ಜೋಳ, ಕಡಲೆ ಗೇಣುದ್ದ ಎದ್ದಿದ್ದವು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ರಜೆಗೆ ಮುಂಚೆ ಒಂಬತ್ತನೆಯ ತರಗತಿಗೆ ಯುರೋಪಿನ ಪುನರುಜ್ಜೀವನದ ಪಾಠ ಮುಗಿಸಿದ್ದೆ. ಕಾನ್‌ಸ್ಟಾಂಟಿನೋಪಲ್ ಬಿದ್ದಿತು, ಪಂಡಿತರು ಹಳೆಯ ಗ್ರಂಥಗಳನ್ನು ಹೊತ್ತುಕೊಂಡು ಇಟಲಿಗೆ ಹೋದರು, ಅಲ್ಲಿ ಕಲೆ ಮತ್ತು ವಿದ್ಯೆ ಮತ್ತೆ ಹುಟ್ಟಿದವು. ಇಷ್ಟನ್ನು ಹಲಗೆಯ ಮೇಲೆ ಬರೆದು ತಿರುಗಿದಾಗ ಕಸ್ತೂರಿ ಎಂಬ ಹುಡುಗಿ ಎದ್ದು ನಿಂತು, "ಅಕ್ಕೋರ, ಅವರು ಊರು ಬಿಟ್ಟು ಬರೂ ಮುಂದ ಅತ್ತಿದ್ರೇನ್ರಿ?" ಎಂದು ಕೇಳಿದ್ದಳು. ಪುಸ್ತಕದಲ್ಲಿ ಅದು ಇರಲಿಲ್ಲ. "ಕೂಡು" ಎಂದಿದ್ದೆ. ಇದನ್ನು ರೈಲಿನಲ್ಲಿ ನಸ್ರೀನಳಿಗೆ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಲೇ, "ನಿಮ್ಮ ಹುಡುಗಿ ಜಾಣೆ" ಎಂದಳು.

ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಜುಬೇದಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳ ಗಂಡ ದಾವೂದ್‌ನದು ಸೈಕಲ್ ರಿಪೇರಿಯ ಅಂಗಡಿ, ಊರಿಗೆಲ್ಲ ಗೊತ್ತು. ಜುಬೇದಾ ಮೂವತ್ತರ ಹತ್ತಿರದವಳು, ಮಾತು ಚುರುಕು. ಬಣ್ಣ ಬಿಟ್ಟ ಸುದ್ದಿ ಕೇಳಿ ಹಣೆ ಹಣೆ ಬಡಿದುಕೊಂಡಳು. "ನಾ ನೇಯ್ದದ್ದಲ್ರಿ ಅಕ್ಕೋರ. ನವಲಗುಂದದಾಗ ನಮ್ಮಮ್ಮ ನೇಯ್ತಾಳ, ನಾ ಇಲ್ಲಿ ಮಾರತೇನಿ. ಅಂಗಡ್ಯಾಗಿನ ಪುಡಕಿ ಬಣ್ಣಾ ಈಗ ಹಂಗ ಬರಾಕ ಹತ್ಯಾವ್ರಿ."

"ನಿನಗೂ ನೇಯಾಕ ಬರತದಲ್ಲ?" ಎಂದೆ.

"ನಮ್ಮ ಮನಿತನದಾಗ ಮಗಳಿಗೆ ಕಲಸಂಗಿಲ್ರಿ. ಸೊಸಿಗೆ ಕಲಸತಾರ. ಮಗಳು ಹೊರಗಿನಾಕಿ, ವಿದ್ಯಾ ಕಟಗೊಂಡು ಬ್ಯಾರೆ ಊರಿಗಿ ಹೋಗತಾಳಂತ." ನಗುತ್ತಲೇ ಹೇಳಿದಳು. "ನಮ್ಮಮ್ಮಗ ಸೊಸಿನೂ ಇಲ್ಲ. ನಾ ಒಬ್ಬಾಕಿನ."

ಅಂದರೆ ಆ ಮನೆಯ ನವಿಲುಗಳು ತಾಯಿಯ ಕಾಲಕ್ಕೇ ಮುಗಿದಂತೆ. ನಸ್ರೀನಳಿಗೆ ಇದನ್ನು ಇಂಗ್ಲಿಷಿನಲ್ಲಿ ತಿಳಿಸಿದೆ. ಜುಬೇದಾ ನಮಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ತವರಿಗೆ ಹೋಗುವ ನೆಪ ಸಿಕ್ಕಿತೆಂದು ತಾನೂ ನಮ್ಮ ಜೊತೆ ಹೊರಟಳು.

ನವಲಗುಂದದ ಬಸ್ಸಿನಲ್ಲಿ ಮೂವರಿಗೂ ಸೀಟು ಸಿಗಲಿಲ್ಲ. ಹಿಂದಿನ ದಿನ ಮಳೆಯಾಗಿ ರಸ್ತೆಯ ಬದಿಯೆಲ್ಲ ಅಂಟಿನ ಕೆಸರು; ಒಂದು ಕಡೆ ಬಸ್ಸು ಎತ್ತಿನ ಗಾಡಿಗೆ ದಾರಿ ಬಿಡಲು ಹೋಗಿ ಬದಿಗೆ ಸಿಕ್ಕಿಕೊಂಡಿತು, ಗಂಡಸರೆಲ್ಲ ಇಳಿದು ನೂಕಿದರು. ಊರು ಮುಟ್ಟಿದಾಗ ದನ ಮನೆಗೆ ಬರುವ ಹೊತ್ತು. ನನ್ನ ಚಿಗವ್ವ ಗಂಗವ್ವ ಅಲ್ಲಿದ್ದಾಳೆ. ಅವಳ ಮನೆಯವರದು ಹತ್ತಿ, ಕಡಲೆ ಬೆಳೆಯುವ ದೊಡ್ಡ ಹೊಲ. ನಮ್ಮ ಬಿಡಾರ ಅಲ್ಲೇ. ಚಿಗವ್ವ ನಸ್ರೀನಳನ್ನು ಮೇಲಿಂದ ಕೆಳಗೆ ನೋಡಿ, ನನ್ನನ್ನು ಒಳಗೆ ಕರೆದು ಕೇಳಿದಳು: "ಏನ ಶಾಂತಾ, ಈಕಿ ರೊಟ್ಟಿ ತಿಂತಾಳೋ, ಮತ್ತೇನರ ಬೇಕೋ?"

"ನನಗಿಂತ ಒಂದು ಹೆಚ್ಚು ತಿಂತಾಳ ಬೇ."

"ಹಂಗಾರ ನಮ್ಮಾಕಿನ" ಎಂದು ಚಿಗವ್ವ ಒಲೆಯ ಮುಂದೆ ಕೂತಳು.

ಮರುದಿನ ಬೆಳಿಗ್ಗೆ ಜುಬೇದಾಳ ತಾಯಿ ಅಮೀನಾಬಿಯ ಮನೆಗೆ ಹೋದೆವು. ಚಿಗವ್ವನ ಮನೆಯ ಹಿಂದಿನ ಓಣಿಯಲ್ಲೇ. ಒಂದೇ ಅಂಕಣದ ಮನೆ, ಅರ್ಧ ಜಾಗವನ್ನು ನಿಂತ ಮಗ್ಗವೇ ಹಿಡಿದಿತ್ತು. ಅಮೀನಾಬಿ ಅದರ ಮುಂದಿನ ಹಲಗೆಯ ಮೇಲೆ ಕೂತು, ಹಲ್ಲಿನ ಹಣಿಗೆಯಂಥ ಕಬ್ಬಿಣದ ಪಂಜಾದಿಂದ ನೂಲಿನ ಸಾಲನ್ನು ಕೆಳಗೆ ಬಡಿಯುತ್ತಿದ್ದಳು. ತೆಳ್ಳಗಿನ ಮುದುಕಿ, ಬೆನ್ನು ಮಾತ್ರ ನೆಟ್ಟಗೆ. ಎದುರಿಗೆ ಚಿತ್ರವಿಲ್ಲ, ಗುರುತಿಲ್ಲ. ನವಿಲಿನ ಕುತ್ತಿಗೆ ಅವಳ ಬೆರಳಿನಿಂದಲೇ ಬಾಗುತ್ತ ಬರುತ್ತಿತ್ತು. ನಾವು ಬಂದ ಕಾರಣ ಕೇಳಿದಾಗ ಮುಖ ಬಿಗಿಯಾಯಿತು.

"ಜಮಖಾನಿ ವಾಪಸ್ ಕೊಡಾಕ ಬಂದೀರೇನ್ರಿ?"

"ಇಲ್ಲರಿ. ಈಕಿ ನಿಮಗ ಓಡಿಹೋಗದ ಕೆಂಪ ಬಣ್ಣಾ ಮಾಡಿ ತೋರಸತಾಳಂತ" ಎಂದೆ.

ಅಮೀನಾಬಿ ನಂಬಲಿಲ್ಲ. ನಸ್ರೀನ್ ಮುಂದೆ ಬಂದು, "ಖಾಲೆ" ಎಂದಳು. ಅವರ ಭಾಷೆಯಲ್ಲಿ ತಾಯಿಯ ತಂಗಿ. ಅಮೀನಾಬಿ ಕೈ ನಿಲ್ಲಿಸಿದಳು. "ಖಾಲಾ ಅಂದ್ಯಾ? ಎಲ್ಲಿಯಾಕಿ ನೀನು?" ಆಮೇಲೆ ಇಬ್ಬರೂ ಮಕ್ಕಳ ಆಟದಂತೆ ಒಂದೊಂದೇ ಪದ ಎತ್ತಿ ತೋರಿಸತೊಡಗಿದರು. ಬಣ್ಣಕ್ಕೆ ರಂಗ್. ನೀಲಿಗೆ ನೀಲ್. ದಾಳಿಂಬೆಗೆ ಅನಾರ್. ಪಂಜಾ ಎತ್ತಿ ಹಿಡಿದಾಗ ನಸ್ರೀನ್ "ಪಂಜೆ!" ಎಂದು ತನ್ನ ಐದು ಬೆರಳು ಅರಳಿಸಿದಳು. ಮುದುಕಿಗೆ ನಗು ತಡೆಯಲಾಗಲಿಲ್ಲ. ಇಷ್ಟು ದೂರದ ಮಾತುಗಳು ಈ ಓಣಿಗೆ ಯಾವ ಕಾಲದಲ್ಲಿ, ಯಾರ ಬಾಯಲ್ಲಿ ಬಂದವೋ! ಅಮೀನಾಬಿಯನ್ನು ಕೇಳಿದರೆ, "ನಮ್ಮ ಹಿರೇರು ವಿಜಾಪುರದ ಕಡಿಂದ ಬಂದಾರಂತ್ರಿ. ಅದಕಿಂತ ಮೊದಲಿಂದು ದೇವರಿಗೇ ಗೊತ್ತು" ಎಂದಳು.

ಕೆಲಸ ಶುರುವಾಯಿತು. ಬೇರನ್ನು ಕುಟ್ಟಿ ನೆನೆಹಾಕಿದರು. ಕ್ಷೌರದವರು ಗಾಯಕ್ಕೆ ಒತ್ತುವ ತುರಟಿಯನ್ನು ಕರಗಿಸಿ ಅದರಲ್ಲಿ ನೂಲಿನ ಲಡಿಗಳನ್ನು ಒಂದು ರಾತ್ರಿ ಮುಳುಗಿಸಿಟ್ಟರು. ಬಣ್ಣ ಹಿಡಿಯಬೇಕಾದರೆ ಮೊದಲು ಇದು ಬೇಕು ಎಂದು ನಸ್ರೀನ್ ಹೇಳಿದಳು. ಕೆರೆಯ ನೀರು ಹೊತ್ತು ತರಬೇಕು, ಬಾವಿಯದು ಸವಳು. ಜುಬೇದಾ ಬಿಂದಿಗೆ ಹೊತ್ತು ತಿರುಗಿದಳು. ಮರುದಿನ ಹಂಡೆಗೆ ಬೇರು ಹಾಕಿ ಉರಿ ಹಚ್ಚಿದರು. ನಸ್ರೀನ್ ಒಲೆಯ ಮುಂದಿನಿಂದ ಏಳಲಿಲ್ಲ. ನೀರು ಕುದಿಯಬಾರದು, ಕುದಿದರೆ ಕೆಂಪು ಸತ್ತು ಕಂದಾಗುತ್ತದೆ ಎಂದು ಅಜ್ಜ ಹೇಳುತ್ತಿದ್ದನಂತೆ. ಆಗಾಗ ಬೆರಳು ಅದ್ದಿ ನೋಡಿ, ಒಂದು ಕೊಳ್ಳಿ ಎಳೆಯುತ್ತಿದ್ದಳು, ಒಂದು ನೂಕುತ್ತಿದ್ದಳು. ಹಂಡೆಯೊಳಗಿನ ನೀರು ರಕ್ತದಂತೆ ಕೆಂಪಾಗಿತ್ತು. ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೋದರು.

ಲಡಿಯನ್ನು ಹೊರತೆಗೆದು ತೊಳೆದಾಗ ಕೆಂಪು ನೀರಿನ ಜೊತೆ ಹೊರಟುಹೋಯಿತು. ಎರಡನೆಯ ಸಲ ತೊಳೆದಾಗ ಉಳಿದದ್ದು ಹಳೆಯ ಗೋಣಿಯ ಬಣ್ಣ. ನಸ್ರೀನ್ ಮೂರನೆಯ ಸಲ ತೊಳೆಯಲಿಲ್ಲ. ಒದ್ದೆ ನೂಲನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದಲ್ಲೇ ಕೂತು ಅಳತೊಡಗಿದಳು. ಯುದ್ಧದ ಸುದ್ದಿಯನ್ನು ರೇಡಿಯೋದಲ್ಲಿ ಕೇಳುವಾಗಲೂ ಅವಳ ಕಣ್ಣಲ್ಲಿ ನಾನು ನೀರು ಕಂಡಿರಲಿಲ್ಲ. "ನನಗೆ ಏನೂ ನೆನಪಿಲ್ಲ. ಅಜ್ಜನ ಕೈ ನೆನಪಿದೆ, ಹೊಗೆಯ ವಾಸನೆ ನೆನಪಿದೆ. ಕೆಲಸ ನೆನಪಿಲ್ಲ. ಎಲ್ಲ ಹೋಯಿತು" ಎಂದಳು. ನನಗೆ ಕಸ್ತೂರಿ ನೆನಪಾದಳು. ಅತ್ತಿದ್ದರು ಮಗೂ, ಖಂಡಿತ ಅತ್ತಿದ್ದರು.

ಅವಳ ಇಂಗ್ಲಿಷ್ ಅಮೀನಾಬಿಗೆ ಹೇಗೆ ತಿಳಿಯಬೇಕು? ಆದರೂ ಮಗ್ಗ ಬಿಟ್ಟು ಎದ್ದು ಬಂದಳು. ನಸ್ರೀನಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸೆರಗಿನಿಂದ ಅವಳ ಮುಖ ಒರೆಸಿದಳು. ಒದ್ದೆ ನೂಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿಕ್ಕಿ ನೋಡಿದಳು.

"ನಿಮ್ಮಜ್ಜ ಉಣ್ಣಿಗೆ ಹಾಕ್ತಿದ್ದಾ, ಹತ್ತಿಗೆ ಹಾಕ್ತಿದ್ದಾ, ಕೇಳ್ರಿ ಅಕ್ಕೋರ."

ಕೇಳಿದೆ. ಉಣ್ಣೆಗೆ, ರತ್ನಗಂಬಳಿಯ ಉಣ್ಣೆಗೆ.

"ಹಾಂ. ಉಣ್ಣಿ ಜೀವದ ಮೈಮ್ಯಾಲಿಂದು, ಬಣ್ಣ ಕುಡಿತದ. ಹತ್ತಿ ಹಂಗಲ್ಲ, ಹಟಮಾರಿ." ಮುದುಕಿ ಕಣ್ಣು ಕಿರಿದು ಮಾಡಿ ಏನನ್ನೋ ನೆನೆಯುತ್ತಿದ್ದಳು. "ನಾ ಸೊಸಿಯಾಗಿ ಬಂದ ಹೊಸದಾಗ ನಮ್ಮತ್ತಿ ಒಂದ ಕಾಯಿ ಕುಟ್ಟಾಕ ಕೊಡತಿದ್ಲು. ಕುಟ್ಟು ಅಂದ್ಲು, ಕುಟ್ಟಿದೆ. ಯಾಕಂತ ಕೇಳಲಿಲ್ಲ. ಆ ನೀರಾಗ ನೂಲು ಮೊದಲು ಹಳದಿ ಆಗತಿತ್ತು. ಆಮ್ಯಾಲೆ ಕೆಂಪು ಹಾಕ್ತಿದ್ಲು. ಮುಂದ ಅಂಗಡಿ ಪುಡಕಿ ಬಂತು, ಅತ್ತಿನೂ ಹೋದ್ಲು, ಮರತ ಬಿಟ್ಟೆ."

"ಯಾವ ಕಾಯಿ?"

"ಬಾಯಿ ಒಗರ ಆಗತದಲ್ರಿ, ಹೊಟ್ಟಿಗೂ ಕೊಡತಾರ..."

ಅಂಗಳದ ಆಚೆ ನಿಂತು ಎಲ್ಲ ಕೇಳುತ್ತಿದ್ದ ಚಿಗವ್ವ ಥಟ್ಟನೆ, "ಅಳಲೆಕಾಯಿ ಅನಬೇ ಅಮೀನಾಬಿ! ನಮ್ಮ ಮನ್ಯಾಗ ಐತಿ" ಎಂದು ಓಡಿದಳು. ಕಲಘಟಗಿಯ ಅಡವಿಯ ಕಡೆಯಿಂದ ಬಂದ ಸರಕು. ಮಕ್ಕಳ ಹೊಟ್ಟೆನೋವಿಗೆಂದು ಡಬ್ಬಿ ತುಂಬ ಇಟ್ಟಿದ್ದಳು. ಒಣಗಿದ ಕಾಯಿಯನ್ನು ನಸ್ರೀನಳ ಕೈಗೆ ಹಾಕಿದಾಗ ಅವಳ ಅಳು ನಿಂತಿತು. ಮೂಸಿ ನೋಡಿ, "ಹಲೀಲೆ!" ಎಂದು ಕೂಗಿದಳು. ಅವಳ ಅಜ್ಜಿಯೂ ಹೊಟ್ಟೆನೋವಿಗೆ ಇದನ್ನೇ ಕೊಡುತ್ತಿದ್ದಳಂತೆ. ಹಿಂದೂಸ್ತಾನದಿಂದ ಬರುವ ಔಷಧಿ ಎಂದು ಹೇಳುತ್ತಿದ್ದಳಂತೆ.

ಮತ್ತೆ ಮೊದಲಿನಿಂದ ಎಲ್ಲ. ಅಳಲೆಕಾಯಿಯ ನೀರಿನಲ್ಲಿ ನೂಲು ನೆನೆಯಿತು, ಹಳದಿಯಾಯಿತು. ಅದರ ಮೇಲೆ ತುರಟಿ. ಒಂದೊಂದಕ್ಕೂ ಕಾಯಬೇಕು, ಒಣಗಿಸಬೇಕು. ಕಾಯುವ ದಿನಗಳಲ್ಲಿ ನಸ್ರೀನ್ ಚಿಗವ್ವನಿಂದ ರೊಟ್ಟಿ ಬಡಿಯಲು ಕಲಿಯಲು ಹೋಗಿ ಎಲ್ಲ ದೇಶದ ನಕಾಶೆಗಳನ್ನೂ ಮಾಡಿದಳು. ತೊಳೆಯುವ ನೀರಿಗೆ ತೊಂದರೆಯಾದಾಗ ಚಿಗವ್ವ ತನ್ನ ಮನೆಯ ಕುಡಿಯುವ ನೀರಿನ ಹಂಡೆಯನ್ನೇ ಎರಡು ಸಲ ಖಾಲಿ ಮಾಡಿ ಕಳಿಸಿದಳು. ಅವಳ ಗಂಡ, ನಮ್ಮ ಕಾಕಾ, ಬೇಸರ ಮಾಡಿಕೊಂಡರೆ, "ಪರದೇಶದ ಕೂಸು ಅಳತಿತ್ರೀ, ನೀವು ನೋಡಿಲ್ಲ" ಎಂದು ಬಾಯಿ ಮುಚ್ಚಿಸಿದಳು.

ಎರಡನೆಯ ಸಲ ಒಲೆಯ ಮುಂದೆ ಅಮೀನಾಬಿ, ನಸ್ರೀನ್ ಇಬ್ಬರೂ ಕೂತರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಡಿ ತೆಗೆದು ತೊಳೆದರು. ನೀರು ಕೆಂಪಾಗಿ ಹರಿಯಿತು. ಮತ್ತೆ ತೊಳೆದರು, ತಿಳಿಗೆಂಪು. ಮತ್ತೆ ತೊಳೆದರು. ನೀರು ನೀರಾಗಿಯೇ ಹರಿಯಿತು. ಕೆಂಪು ನೂಲಿನಲ್ಲೇ ನಿಂತಿತ್ತು. ಅಂಗಡಿಯ ಬಣ್ಣದ ಹಾಗೆ ಕಣ್ಣಿಗೆ ಹೊಡೆಯುವುದಲ್ಲ. ಮಾಗಿದ ದಾಳಿಂಬೆ ಬಿರಿದಾಗ ಒಳಗೆ ಕಾಣುತ್ತದಲ್ಲ, ಅಂಥದು. ಜುಬೇದಾ ಅದನ್ನು ತನ್ನ ಬಿಳಿಯ ಸೆರಗಿಗೆ ಒತ್ತಿ ಹಿಂಡಿದಳು. ಸೆರಗು ಬಿಳಿಯಾಗಿಯೇ ಉಳಿಯಿತು. ನಸ್ರೀನ್ ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದಳು. ಏನೆಂದು ನಾನು ಕೇಳಲಿಲ್ಲ.

ನೂಲು ಒಣಗಿದ ಮರುದಿನ ಅಮೀನಾಬಿ ಮಗ್ಗದ ಮುಂದಿನ ಹಲಗೆಯನ್ನು ಸೆರಗಿನಿಂದ ಒರೆಸಿ, "ಬಾರವಾ, ಇಲ್ಲೆ ಕೂಡು" ಎಂದು ನಸ್ರೀನಳನ್ನು ಕರೆದಳು. ಆ ಹಲಗೆಯ ಮೇಲೆ ಮನೆಯ ಸೊಸೆಯರ ಹೊರತು ಯಾರೂ ಕೂತವರಲ್ಲ ಎಂದು ನನಗೆ ಗೊತ್ತಿತ್ತು. ನಸ್ರೀನ್ ಅಂಜುತ್ತ ಹೋಗಿ ಕೂತಳು. ಮುದುಕಿ ಅವಳ ಬೆರಳು ಹಿಡಿದು ಕೆಂಪು ಎಳೆಯನ್ನು ಹಾಸಿನ ನಡುವೆ ಹಾಯಿಸುವುದನ್ನು ತೋರಿಸತೊಡಗಿದಳು.

ನೀರಿನ ಬಿಂದಿಗೆ ಹೊತ್ತು ಒಳಗೆ ಬಂದ ಜುಬೇದಾ ಹೊಸ್ತಿಲಲ್ಲೇ ನಿಂತಳು. ಬಿಂದಿಗೆ ಇಳಿಸಲಿಲ್ಲ.

"ಅಮ್ಮಾ" ಎಂದಳು. ದನಿಯಲ್ಲಿ ಎಂದಿನ ನಗು ಇರಲಿಲ್ಲ. "ಈಕಿ ಊರಿಗಿ ಹೋಗಬೇಕಾದ್ರ ವಿಮಾನ ಹತ್ತಬೇಕು. ನನ್ನ ಊರಿಗಿ ಒಂದ ಬಸ್ಸು. ಆಕಿಗಿ ಕಲಸತಿ. ನಾ ಏನ ಮಾಡೇನಿ?"

ಅಮೀನಾಬಿಯ ಕೈ ನಿಂತಿತು. ತಿರುಗಿ ನೋಡಲಿಲ್ಲ. "ಮಗಳಿಗೆ ಕಲಸಬಾರದಂತ ನಮ್ಮತ್ತಿ ಆಣಿ ಹಾಕಿಸಿಕೊಂಡಾಳ ಜುಬೇದಾ" ಎಂದಳು.

"ಆ ಅತ್ತಿ ಬಣ್ಣಾನೂ ಮರತಿದ್ದಿ. ಆಣಿ ಅಷ್ಟ ನೆನಪ ಇಟ್ಟಿ."

ಮಾತೆಲ್ಲ ತಿಳಿಯದಿದ್ದರೂ ನಸ್ರೀನಳಿಗೆ ವಿಷಯ ತಿಳಿಯಿತು. ಅವಳು ಹಲಗೆಯಿಂದ ಏಳಲಿಲ್ಲ. ಎದ್ದಿದ್ದರೆ ಮುದುಕಿಗೆ ಅವಮಾನವಾಗುತ್ತಿತ್ತೋ ಏನೋ. ಒಂದು ಬದಿಗೆ ಸರಿದು, ಅಮೀನಾಬಿಗೂ ತನಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. ಅಮೀನಾಬಿ ಆ ಖಾಲಿ ಜಾಗವನ್ನು ನೋಡಿದಳು.

"ಕೊಡಾ ಇಳಿಸು" ಎಂದಳು ಮಗಳಿಗೆ. "ಕೈ ಒರಸಿಕೊ. ಒದ್ದಿ ಕೈಲೆ ನೂಲು ಮುಟ್ಟಬಾರದು."

ಅಷ್ಟೇ ಹೇಳಿದ್ದು. ಜುಬೇದಾ ಬಿಂದಿಗೆ ಇಳಿಸಿ, ಕೈಯನ್ನು ಒರೆಸಿ ಒರೆಸಿ, ಬಂದು ಕೂತಳು. ಅಮೀನಾಬಿ ಪಂಜಾವನ್ನು ಅವಳ ಕೈಯಲ್ಲಿಟ್ಟು, ಮೇಲಿನಿಂದ ತನ್ನ ಕೈ ಮುಚ್ಚಿ, ಮೊದಲ ಸಾಲು ಬಡಿಸಿದಳು. ಎರಡನೆಯ ಸಾಲಿಗೆ ಕೈ ತೆಗೆದಳು. ಜುಬೇದಾ ಒಬ್ಬಳೇ ಬಡಿದಳು. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸದ್ದು, ತಾಳ ತಪ್ಪಲಿಲ್ಲ. ಅವಳ ಕಣ್ಣಿನ ನೀರು ಮೂಗಿನ ತುದಿಗೆ ಬಂದು ನಿಂತಿತ್ತು. ಕೈ ಖಾಲಿ ಇಲ್ಲದ್ದರಿಂದ ತಾಯಿಯೇ ಒರೆಸಿದಳು.

ಹೊರಡುವ ದಿನ ಜುಬೇದಾ ನಮ್ಮ ಜೊತೆ ಬರಲಿಲ್ಲ. ಚಿಗವ್ವ ಕಡಕ್ ರೊಟ್ಟಿಯ ಗಂಟು ಕಟ್ಟಿ, ನಸ್ರೀನಳಿಗೆ ಉಡಿ ತುಂಬಿ, ಅಳಲೆಕಾಯಿಯನ್ನೂ ಹಾಕಿದಳು. ಅಮೀನಾಬಿ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದು, ಕಿಟಕಿಯಿಂದ ಕೈ ತೂರಿಸಿ ಅವಳ ಗದ್ದ ಹಿಡಿದು, "ಲಡಾಯಿ ಮುಗಿಲಿ. ನಿಮ್ಮೂರಾಗ ಹೋಗಿ ಹಂಡೆ ಇಡು" ಎಂದಳು. ನಾನು ಅನುವಾದಿಸಹೊರಟೆ. "ತಿಳಿಯಿತು" ಎಂದಳು ನಸ್ರೀನ್.

ಅಣ್ಣಿಗೇರಿಯಲ್ಲಿ ಇಳಿದು ದಾವೂದ್‌ನ ಅಂಗಡಿಗೆ ಹೋದೆವು. ಹೆಂಡತಿ ಇನ್ನೂ ಕೆಲವು ದಿನ ಬರುವುದಿಲ್ಲ, ತಾಯಿಯ ಹತ್ತಿರ ನೇಯ್ಗೆ ಕಲಿಯುತ್ತಿದ್ದಾಳೆ ಎಂದೆ. ಅವನು ಸೈಕಲ್ಲಿನ ಗಾಲಿ ತಿರುವುವುದನ್ನು ನಿಲ್ಲಿಸಿ, "ಖರೇನ ಕಲಸಾಕ ಹತ್ಯಾಳೇನ್ರಿ ಅತ್ತಿ?" ಎಂದು ಎರಡು ಸಲ ಕೇಳಿದ. ಆಮೇಲೆ ಅಂಗಡಿಯ ಒಳಗಿನ ಗೋಡೆಯತ್ತ ನೋಡುತ್ತ, "ಮಗ್ಗ ಹಾಕಾಕ ಇಷ್ಟ ಜಾಗಾ ಸಾಕಾಗತದೇನ್ರಿ ಅಕ್ಕೋರ?" ಎಂದ.

ಹುಬ್ಬಳ್ಳಿಯ ರೈಲಿನಲ್ಲಿ ಗದ್ದಲವಿರಲಿಲ್ಲ. ನಮ್ಮ ಎದುರಿಗೆ ಇಳಕಲ್ ಸೀರೆಯ ಒಬ್ಬ ಹಿರಿಯ ಹೆಂಗಸು ಕೂತಿದ್ದಳು. ಯಮನೂರಿನ ದರ್ಗಾಕ್ಕೆ ಹರಕೆ ತೀರಿಸಿ, ನೆಂಟರ ಮನೆಗೆ ಹೋಗಿ, ಊರಿಗೆ ಮರಳುತ್ತಿದ್ದವಳು. ಸಕ್ಕರೆಯ ಪ್ರಸಾದವನ್ನು ನಮಗೂ ಹಂಚಿದಳು. ನಸ್ರೀನ್ ಬೊಗಸೆ ಒಡ್ಡಿದಾಗ ಅವಳ ಅಂಗೈ ಎರಡೂ ಕೆಂಪಾಗಿರುವುದನ್ನು ಕಂಡು ಮುಖ ಅರಳಿಸಿಕೊಂಡಳು.

"ಮದರಂಗಿ ಹಚ್ಚೀಯಲ್ಲ ತಂಗಿ! ಮದಿವಿ ಆತೇನ?"

ನಾನು ಬಾಯಿ ತೆರೆಯುವ ಮುಂಚೆ ನಸ್ರೀನ್ ತಾನೇ ಉತ್ತರ ಕೊಟ್ಟಳು. ಮೂರು ವರ್ಷ ನಮ್ಮ ಮನೆಯಲ್ಲಿದ್ದರೂ ಹೊರಗಿನವರ ಮುಂದೆ ಅವಳು ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇಲ್ರಿ. ಕೆಲಸಾ ಮಾಡೇನ್ರಿ."

ಆ ತಾಯಿ ಅವಳ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳಿನಿಂದ ಒಮ್ಮೆ ತಿಕ್ಕಿ ನೋಡಿದಳು. ಬಣ್ಣ ಬಿಡಲಿಲ್ಲ.

"ಛಲೋ ಹತ್ತೇತಿ" ಎಂದಳು.